ಗಿಡ್ಡ ಬದಿಯ ಕೋಣೆ

ಫೆಬ್ರವರಿ ೯, ಬೆಳಿಗ್ಗೆ

ಪ್ರೀತಿಯ ಅಕ್ಕ,

ತಲುಪಿದ ಕೂಡಲೇ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ಕೈಬೀಸಿ ಹೇಳಿದವಳು ಇಷ್ಟು ದಿನ ಸುಮ್ಮನಿದ್ದೆ. ಬೈದುಕೊಂಡಿರುತ್ತೀಯ. ಬೈದದ್ದು ನ್ಯಾಯವೇ. ಭಾವನ ಕೆಮ್ಮು ಹೇಗಿದೆ? ನಾನು ಮಾಡಿಸಿಕೊಟ್ಟ ಕನ್ನಡಕ ಮೂಗಿನ ಮೇಲೆ ಕೂತಿದೆಯೋ, ಇನ್ನೂ ಹಣೆಯ ಮೇಲೇ ಇದೆಯೋ? ಫೋನಿನಲ್ಲಿ ಮಾತಾಡಿದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಇಲ್ಲಿ ಮೇಷ್ಟ್ರು ಫೋನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ನಮ್ಮಿಬ್ಬರಿಗೂ ಕಾಗದವೇ ಗತಿ.

ನಿನ್ನ ಇರುವೆ ಚೆನ್ನಾಗಿದ್ದಾಳೆ. ಹತ್ತೊಂಬತ್ತು ತುಂಬಿದ ಮಗಳನ್ನು ನಾನು ಇನ್ನೂ ನೀನಿಟ್ಟ ಅಡ್ಡಹೆಸರಿನಿಂದಲೇ ಕರೆಯುವುದನ್ನು ಕೇಳಿ ಮೇಷ್ಟ್ರು ನಕ್ಕರು. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಆದರೆ ನಾವು ಬಂದ ಕೆಲಸ ಆಗುತ್ತದೋ ಇಲ್ಲವೋ ಹೇಳಲಾರೆ. ಹೋದ ವರ್ಷ ಆ ದೊಡ್ಡ ಪಂದ್ಯದಲ್ಲಿ ಸೋತಾಗಿನಿಂದ ಅವಳ ಸ್ಥಿತಿ ನಿನಗೆ ಗೊತ್ತಿರುವುದೇ. ಎದುರಾಳಿಯ ಪೇದೆಗಳು ಸಾಲಾಗಿ ತನ್ನ ರಾಜನ ಕಡೆಗೆ ಹೊರಟರೆ ಸಾಕು, ಕೈ ನಡುಗುತ್ತದೆ. ಆಟವನ್ನು ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಾಳೆ. ಮುಂದಿನ ತಿಂಗಳು ತಂಡದ ಆಯ್ಕೆ. ಆ ದಿನವೂ ಎದ್ದು ಬಂದರೆ ಇನ್ನು ಚೆಸ್ ಮುಟ್ಟುವುದಿಲ್ಲ ಎಂದು ಹೇಳಿದ್ದಾಳೆ. ಹೇಳಿದ್ದನ್ನು ಮಾಡುವ ಪೈಕಿ ಅವಳು. ಈ ಮೇಷ್ಟ್ರು ಅಂಥ ದಾಳಿಯನ್ನು ತಡೆಯುವುದನ್ನೇ ಕಲಿಸುವವರು ಎಂದು ಕೇಳಿ ಬಂದಿದ್ದೇವೆ.

ಮನೆ ಹೊರಗಿನಿಂದ ಬೀದಿಯ ಬೇರೆ ಮನೆಗಳ ಹಾಗೆಯೇ ಇದೆ. ಒಳಗೆ ಮಾತ್ರ ಒಂದೇ ಒಂದು ಉದ್ದನೆಯ ಹಜಾರ, ನೆಲಕ್ಕೆ ಚೌಕ ಚೌಕದ ಕಲ್ಲು. ಆ ತುದಿ ಮೇಷ್ಟ್ರದು. ಅಲ್ಲಿ ಕಿಟಕಿಯ ಕೆಳಗೆ ಆಟದ ಮೇಜು, ಅದರ ಮುಂದೆ ಎಂಟು ಮರದ ಕುರ್ಚಿಗಳು ಸಾಲಾಗಿ ನಮ್ಮತ್ತ ಮುಖಮಾಡಿ ನಿಂತಿವೆ. ಈ ತುದಿ ನಮ್ಮದು. ಬಲಕ್ಕೊಂದು ಕೋಣೆ, ಎಡಕ್ಕೊಂದು ಕೋಣೆ, ನಡುವೆ ಗೋಡೆಯೂ ಇಲ್ಲದ ಬಾಗಿಲೂ ಇಲ್ಲದ ಬಯಲು. ನಮ್ಮ ಮುಂದೆ ಎಂಟು ಸ್ಟೂಲು.

ಕುರ್ಚಿಗಳು ಅವರ ಪೇದೆ, ಸ್ಟೂಲುಗಳು ಇವಳ ಪೇದೆ. ಮೇಜಿನ ಮೇಲಿನ ಮಣೆಯಲ್ಲಿ ಒಂದೇ ಆಟ ನಡೆಯುತ್ತಿದೆ. ದಿನಕ್ಕೆ ಕೆಲವೇ ನಡೆ. ಮಣೆಯಲ್ಲಿ ಪೇದೆ ಎಷ್ಟು ಮನೆ ಹೋಯಿತೋ ಹಜಾರದಲ್ಲಿ ಕುರ್ಚಿಯೋ ಸ್ಟೂಲೋ ಅಷ್ಟು ಚೌಕ ಹೋಗಬೇಕು. ಇವಳ ರಾಜನ ಜಾಗದಲ್ಲಿ ಇವಳ ಹಾಸಿಗೆ. ರಾಜ ಎಲ್ಲಿದ್ದಾನೋ ಅಲ್ಲೇ ಇವಳು ಮಲಗಬೇಕು. ನೀನು ಭಾವನ ಕೇರಂ ಬೋರ್ಡಿನ ಹತ್ತಿರವೂ ಸುಳಿದವಳಲ್ಲ, ಹಾಗಾಗಿ ಹೇಳುತ್ತೇನೆ: ಚೆಸ್ಸಿನಲ್ಲಿ ರಾಜ ನಡುವೆ ನಿಂತಿರುತ್ತಾನೆ. ಒಂದೇ ಒಂದು ಬಾರಿ, ಆನೆಯ ಜೊತೆ ಜಾಗ ಬದಲಿಸಿಕೊಂಡು ಬಲಬದಿಗೋ ಎಡಬದಿಗೋ ಹಾರಿ ಅವಿತುಕೊಳ್ಳಬಹುದು. ಅದೇ ಕ್ಯಾಸಲ್. ನಮ್ಮ ಕಡೆಯಿಂದ ಬಲಕ್ಕೆ ಹೋದರೆ ಗಿಡ್ಡ ಬದಿ, ಎಡಕ್ಕೆ ಹೋದರೆ ಉದ್ದ ಬದಿ. ಇವಳಿನ್ನೂ ಯಾವ ಕಡೆಗೂ ಹೋಗಿಲ್ಲ. ಅದಕ್ಕೇ ನಾವಿಬ್ಬರೂ ಬಯಲಲ್ಲೇ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದೇವೆ, ರೈಲು ತಪ್ಪಿಸಿಕೊಂಡವರ ಹಾಗೆ.

ನಾನು ಮೇಷ್ಟ್ರನ್ನು ಕೇಳಿದೆ, "ಬೇಗ ಕ್ಯಾಸಲ್ ಮಾಡಿಬಿಡೋದು ಒಳ್ಳೇದಲ್ವಾ? ಎಲ್ಲಾ ಹಾಗೇ ಹೇಳ್ತಾರೆ."

"ಗಾಳಿ ಯಾವ ಕಡೆಯಿಂದ ಅಂತ ನೋಡದೆ ಕೊಡೆ ಬಿಚ್ತೀರಾ ತಾಯಿ?" ಎಂದರು. "ರಾಜ ಎಲ್ಲಿ ಅಂತ ನೀವು ಹೇಳಿಬಿಟ್ರೆ, ಎಲ್ಲಿಗೆ ನುಗ್ಗಬೇಕು ಅಂತ ನನಗೆ ವಿಳಾಸ ಬರೆದುಕೊಟ್ಟ ಹಾಗೆ."

"ಹಾಗಾದ್ರೆ ನಡುವೇನೇ ಇರಬೇಕಾ?"

"ನಡುದಾರಿ ಮುಚ್ಚಿರೋವರೆಗೆ ಇರಲಿ. ತೆರೆದ ದಿನ ಅಲ್ಲೇ ಸಿಕ್ಕಿಹಾಕಿಕೊಂಡ್ರೆ ಅಳೋಕೂ ಪುರುಸೊತ್ತು ಸಿಗಲ್ಲ."

ಇರುವೆ ನಕ್ಕಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ!

ಒಂದು ಸಂಗತಿ ಮಾತ್ರ ನನಗೆ ಸರಿಬರುತ್ತಿಲ್ಲ. ನಿನ್ನೆ ಊಟವಾದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದೆ. ತೆರೆದಾಗ ಬಲಗಡೆಯ ಒಂದು ಕುರ್ಚಿ ಸಾಲು ಬಿಟ್ಟು ಮುಂದೆ ಬಂದು ನಿಂತಿತ್ತು. ಕುರ್ಚಿಗಳು ಗಟ್ಟಿ ಮರದವು, ಕೈಗಳಿರುವಂಥವು. ಎಳೆದರೆ ಬೀದಿಗೆಲ್ಲ ಕೇಳಬೇಕು. ನನಗೆ ಒಂದಿಷ್ಟೂ ಸದ್ದು ಕೇಳಿಸಲಿಲ್ಲ. ಮೇಷ್ಟ್ರಿಗೆ ಮಂಡಿನೋವು, ಕೋಲೋ ಗೋಡೆಯೋ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರರು. ಇರುವೆ ನನ್ನ ಪಕ್ಕದಲ್ಲೇ ಮಲಗಿದ್ದಳು. ಅಡುಗೆಯಾಕೆ ಊಟ ಬಡಿಸಿ ಹೊರಟುಹೋಗಿದ್ದಳು.

ಹೆದರಿದೆ ಎಂದುಕೊಳ್ಳಬೇಡ. ಕಂಡದ್ದನ್ನು ಬರೆದೆ, ಅಷ್ಟೇ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ


ಫೆಬ್ರವರಿ ೧೬

ಅಕ್ಕ,

ನಿನ್ನ ಕಾಗದ ಬಂತು. "ಕುರ್ಚಿ ನಡೆಯೋದಿಲ್ಲ, ನಿನ್ನ ಕಣ್ಣು ನೀನೇ ಪರೀಕ್ಷೆ ಮಾಡಿಸ್ಕೋ" ಎಂದು ಬರೆದಿದ್ದೀಯ. ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳಿಗೆ ಈ ಮಾತು ಬೇಕೇ! ಓದಿ ನಕ್ಕೆ. ಇಲ್ಲಿ ನಗುವುದಕ್ಕೆ ಬೇರೆ ಕಾರಣಗಳು ಕಡಿಮೆ.

ಇರುವೆ ಕ್ಯಾಸಲ್ ಮಾಡಿದಳು, ಗಿಡ್ಡ ಬದಿಗೆ. ಹಾಸಿಗೆ ಎತ್ತಿಕೊಂಡು ಬಲಗೋಣೆಗೆ ಬಂದಿದ್ದೇವೆ. ಯಾಕೆ ಅಲ್ಲಿಗೆ ಎಂದು ಮೇಷ್ಟ್ರು ಕೇಳಿದರು. ಎಡಗಡೆ ತನ್ನ ಸ್ಟೂಲುಗಳನ್ನು ಆಗಲೇ ಮುಂದೆ ಕಳಿಸಿಯಾಗಿದೆ, ಅಲ್ಲಿ ಗೋಡೆ ಬಿರುಕು ಬಿಟ್ಟ ಹಾಗೆ. ಬಲಗಡೆ ಮೂರು ಸ್ಟೂಲು ಇಟ್ಟಲ್ಲೇ ಇವೆ, ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ, ಅದಕ್ಕೆ ಎಂದಳು. ಮೇಷ್ಟ್ರು ತಲೆಯಾಡಿಸಿದರು. "ಆ ಮೂರನ್ನ ಮುಟ್ಟಬೇಡ ಮಗು. ನಾನು ಎಷ್ಟೇ ಹತ್ತಿರ ಬರಲಿ, ಮುಟ್ಟಬೇಡ. ಒಂದು ಮುಂದೆ ಬಂದ್ರೆ ನನ್ನ ಪೇದೆಗೆ ಕಚ್ಚೋಕೆ ಏನೋ ಸಿಕ್ಕ ಹಾಗೆ. ಬದಿಯಲ್ಲಿ ಹೊಡೆತ ಬಿದ್ರೆ ಉತ್ತರ ನಡುವಿನಿಂದ ಕೊಡಬೇಕು."

ಅವರ ರಾಜ ಉದ್ದ ಬದಿಗೆ ಹೋಗಿ ಕೂತಿದ್ದಾನೆ. ಹಾಗಾಗಿ ಈ ಕಡೆಯ ಕುರ್ಚಿಗಳನ್ನು ಕಳಿಸಲು ಅವರಿಗೆ ಯಾವ ಹಿಂಜರಿಕೆಯೂ ಇಲ್ಲ. ಎರಡು ಕುರ್ಚಿ ಹೊರಟಿವೆ. ಒಂದು ತುದಿಯದು, ಇನ್ನೊಂದು ಅದರ ಪಕ್ಕದ್ದು. ನೇರವಾಗಿ ನಮ್ಮ ಬಾಗಿಲಿಗೆ.

ಅವುಗಳನ್ನು ಹೇಗೆ ವರ್ಣಿಸಲಿ? ಹಳೆಯ ಕುರ್ಚಿಗಳು. ಕೂರುವ ಜಾಗ ನಡುವೆ ಜಗ್ಗಿದೆ, ಈಗ ತಾನೇ ಯಾರೋ ಎದ್ದುಹೋದ ಹಾಗೆ. ಕೋಣೆಯಲ್ಲಿ ಬಟ್ಟೆ ಮಡಚುತ್ತಿರುವಾಗ, ತಲೆ ಬಾಚುತ್ತಿರುವಾಗ, ಬೆನ್ನ ಹಿಂದೆ ಅವು ಇವೆ ಎಂಬುದು ಗೊತ್ತಾಗುತ್ತಿರುತ್ತದೆ. ಬಾಗಿಲು ಹಾಕಿಕೊಳ್ಳಲು ಮೇಷ್ಟ್ರ ಒಪ್ಪಿಗೆ ಇಲ್ಲ.

ಕುರ್ಚಿ ಯಾರು ಇಡುತ್ತಾರೆ ಎಂದು ಮೇಷ್ಟ್ರನ್ನು ನೇರವಾಗಿ ಕೇಳಿದೆ. "ಆಟ ಇಡುತ್ತೆ" ಎಂದರು. ಇರುವೆಯನ್ನು ಕೇಳಿದೆ. "ಅಮ್ಮ, ನೀನು ಕುರ್ಚಿ ನೋಡಬೇಡ, ಊಟ ಮಾಡು" ಎಂದಳು. ನಾನು ಅವಳಿಗೆ ಹೇಳಬೇಕಾದ ಮಾತು ಅದು!

ಅಡುಗೆಯಾಕೆ ಒಳ್ಳೆಯ ಹೆಂಗಸು, ಬಾಯಿಗೆ ಬೀಗವಿಲ್ಲ. ಬೆಳಿಗ್ಗೆ ಸಾಲಿನಲ್ಲಿ ನಿಂತ ಕುರ್ಚಿಗಳನ್ನು ಒರೆಸಿದಳು. ಮುಂದೆ ಬಂದ ಎರಡನ್ನು ಬಳಸಿಕೊಂಡು ಹೋದಳು.

"ಅವೆರಡು ಯಾಕೆ ಬಿಟ್ಟೆ?" ಎಂದೆ.

"ಹೊರಟ ಕುರ್ಚಿ ನಾನು ಮುಟ್ಟಲ್ಲಮ್ಮ."

"ಯಾಕೆ, ಕಚ್ಚುತ್ತಾ?"

"ಕಚ್ಚೋದಾದ್ರೆ ವಾಸಿ ಇತ್ತು, ಔಷಧಿ ಇದೆ," ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಆ ತುದೀದು ನೋಡಿ, ಅದು ಅಮ್ಮಾವ್ರು ಕೂರ್ತಿದ್ದ ಕುರ್ಚಿ. ಮೇಷ್ಟ್ರ ಹೆಂಡತಿ. ಇವರು ಆಡೋವಾಗ ಅವರು ಅದರ ಮೇಲೆ ಕೂತು ನೋಡೋರು. ಭಯಕ್ಕೆ ಒದ್ದೆ ಬಟ್ಟೆ ಹಿಂಡೋ ಹಾಗೆ ಸೆರಗು ಹಿಂಡ್ತಾ ಇರೋರು. ತೀರಿಹೋಗಿ ಎಷ್ಟೋ ವರ್ಷ ಆಯ್ತು ಬಿಡಿ."

ಮೊನ್ನೆ ಸೀಮೆಸುಣ್ಣದಿಂದ ಎರಡೂ ಕುರ್ಚಿಗಳ ಕಾಲಿನ ಸುತ್ತ ಗೆರೆ ಎಳೆದೆ. ಮಧ್ಯಾಹ್ನ ನಿದ್ದೆ ಮಾಡಬಾರದು ಎಂದು ಗೋಡೆಗೊರಗಿ ಕೂತೆ. ಈ ಮನೆಯ ಮಧ್ಯಾಹ್ನ ಬೇರೆಯದೇ ಥರ ಅಕ್ಕ. ಬೀದಿಯಲ್ಲಿ ಸೈಕಲ್ಲಿನ ಗಂಟೆಯೂ ಇಲ್ಲ. ಬಿಸಿಲು ಕಿಟಕಿಯಿಂದ ಇಳಿದು ಕುರ್ಚಿಗಳ ನೆರಳನ್ನು ನಮ್ಮ ಹೊಸ್ತಿಲವರೆಗೆ ಚಾಚುತ್ತದೆ. ಕುರ್ಚಿಗಿಂತ ಮೊದಲು ನೆರಳೇ ಬಂದು ಮುಟ್ಟುತ್ತದೆ. ಎಷ್ಟು ಹೊತ್ತಿಗೆ ಕಣ್ಣು ಹತ್ತಿತೋ ಗೊತ್ತಿಲ್ಲ. ಎದ್ದು ನೋಡಿದರೆ ಒಂದು ಕುರ್ಚಿ ತನ್ನ ಗೆರೆಯನ್ನು ಹಿಂದೆ ಬಿಟ್ಟು ಮುಂದೆ ಬಂದಿತ್ತು. ಹತ್ತಿರ ಹೋಗಿ ಕೂರುವ ಜಾಗದ ಮೇಲೆ ಅಂಗೈ ಇಟ್ಟೆ.

ಬೆಚ್ಚಗಿತ್ತು.

ಬಿಸಿಲು ಅಲ್ಲಿಗೆ ಬೀಳುತ್ತಿರಲಿಲ್ಲ. ಅದನ್ನೂ ನೋಡಿದೆ.

ಇರುವೆ ಮಾತ್ರ ದಿನದಿನಕ್ಕೆ ಗೆಲುವಾಗುತ್ತಿದ್ದಾಳೆ. ಪೇದೆಗಳು ಹತ್ತಿರ ಬರುತ್ತಿವೆ, ಅವಳ ಕೈ ನಡುಗುತ್ತಿಲ್ಲ. ಸಂತೋಷಪಡಬೇಕು. ಪಡುತ್ತಿದ್ದೇನೆ. ಆದರೂ ಇಲ್ಲಿಂದ ಕರೆದುಕೊಂಡು ಬಂದುಬಿಡಲೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನೀನು ಏನನ್ನುತ್ತೀ?

ನಿನ್ನ ತಂಗಿ


ಫೆಬ್ರವರಿ ೨೪

ಪ್ರೀತಿಯ ಅಕ್ಕ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕೂತು ಎರಡು ಸಲವೂ ಹರಿದುಹಾಕಿದೆ. ಭಾವ ಗುಣವಾದರು ಎಂದು ತಿಳಿದು ಸಮಾಧಾನವಾಯಿತು. "ಕರೆದುಕೊಂಡು ಬರಬೇಡ, ಇನ್ನೊಂದು ವಾರ ನೋಡು" ಎಂದು ನೀನು ಬರೆದಿದ್ದೆ. ನಿನ್ನ ಮಾತು ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆ ದಿನ ಊಟವಾದ ಮೇಲೆ ಮತ್ತೆ ಕಣ್ಣು ಹತ್ತಿತು. ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಎದ್ದು ಬಾಗಿಲಿಗೆ ಬಂದೆ. ಎರಡು ಕುರ್ಚಿಗಳೂ ಒಂದರ ಪಕ್ಕ ಒಂದು ಹಜಾರದ ನಡುವಿಗೆ ಬಂದುಬಿಟ್ಟಿದ್ದವು. ತುದಿಯದರ ಪಕ್ಕದ್ದರಲ್ಲಿ ಯಾರೋ ಕೂತಿದ್ದರು.

ಬೆಳಕು ಹಿಂದಿನಿಂದ. ಮುಖ ಕಾಣಲಿಲ್ಲ. ಎರಡು ಕೈಗಳೂ ಕುರ್ಚಿಯ ಕೈಗಳ ಮೇಲಿದ್ದವು, ತಲೆ ನೇರವಾಗಿ ನನ್ನ ಕಡೆಗೆ. ಅಲುಗಾಡಲಿಲ್ಲ. ಕೈಗೆ ಸಿಕ್ಕಿದ್ದು ಬಾಗಿಲ ಮುಂದಿನ ಬಲತುದಿಯ ಸ್ಟೂಲು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯತ್ತ ತಳ್ಳಿದೆ. ಕಲ್ಲಿನ ಮೇಲೆ ಕಿರ್ರೆಂದು ಒಂದು ಚೌಕ ಮುಂದೆ ಹೋಯಿತು.

ಕುರ್ಚಿಯಲ್ಲಿದ್ದವರು ಎದ್ದರು. "ಅಮ್ಮ! ಏನು ಮಾಡಿದೆ?"

ಹೆತ್ತ ಮಗಳ ಗುರುತು ಸಿಗಲಿಲ್ಲ ನನಗೆ. ಸಾವಿರಾರು ಜನರಿಗೆ ಕನ್ನಡಕ ಕೊಟ್ಟಿದ್ದೇನೆ.

"ಕುರ್ಚಿ ಎಲ್ಲಾ ನಾನೇ ಇಡೋದು," ಎಂದಳು. "ಬಂದ ದಿನವೇ ಸರ್ ಹೇಳಿದ್ರು. ಹೊಡೆಯೋನ ಪೇದೆನೂ ನಾನೇ ಎತ್ತಿ ತರಬೇಕು, ಅದರ ಮೇಲೆ ಕೂತು ನನ್ನ ಬಾಗಿಲನ್ನ ನೋಡಬೇಕು ಅಂತ. ಅಲ್ಲಿಂದ ನೋಡಿದ್ರೆ ಎಷ್ಟು ದೂರ ಇದೆ ಗೊತ್ತಾ ಅಮ್ಮ ನಮ್ಮ ಕೋಣೆ? ಬರೋರಿಗೂ ಕಷ್ಟ ಇದೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎತ್ತಿಕೊಡೋಕೆ ನೀನೂ ಬರ್ತಿದ್ದೆ."

ಸ್ಟೂಲನ್ನು ಹಿಂದಕ್ಕೆ ಎಳೆಯಲು ಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಮೇಷ್ಟ್ರ ಮೇಜಿಗೆ ಹೋದೆವು. ನಾನು ತಪ್ಪೊಪ್ಪಿಕೊಂಡೆ, ಕೈಮುಗಿದು ಕೇಳಿದೆ, "ತಳ್ಳಿದ್ದು ನಾನು, ಅವಳಲ್ಲ. ಲೆಕ್ಕಕ್ಕೆ ಹಿಡಿಯಬೇಡಿ."

"ಸ್ಟೂಲು ಯಾರದು ತಾಯಿ?"

"ಅವಳದು."

"ಈಗ ಆಡೋ ಸರದಿ ಯಾರದು?"

"ಅವಳದೇ."

"ಮುಟ್ಟಿದ ಮೇಲೆ ಆಡಲೇಬೇಕು," ಎಂದು ಮಣೆಯ ಮೇಲೆ ಇವಳ ತುದಿಯ ಪೇದೆಯನ್ನು ಒಂದು ಮನೆ ಮುಂದಿಟ್ಟರು. ಇರುವೆ ತುಟಿ ಕಚ್ಚಿಕೊಂಡಳು. ಅವಳ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತು ಕಲಿತ ನನ್ನ ಅರೆಬರೆ ಚೆಸ್ಸಿಗೂ ಅರ್ಥವಾಯಿತು. ಇನ್ನು ಅವರು ಪಕ್ಕದ ಪೇದೆಯನ್ನು ತಳ್ಳಿ ಇದಕ್ಕೆ ಕಚ್ಚಿಸಿದರೆ ನಮ್ಮ ಸಾಲು ಒಡೆಯುತ್ತದೆ, ಆನೆಗೆ ದಾರಿ ತೆರೆಯುತ್ತದೆ, ರಾಜನ ಕಥೆ ಮುಗಿಯುತ್ತದೆ. ಅವರ ಕೈ ಆ ಪೇದೆಯತ್ತ ಹೊರಟಿತ್ತು.

ಆಗ ಮೇಷ್ಟ್ರು ತಲೆ ಎತ್ತಿ ನಮ್ಮ ಬೆನ್ನ ಹಿಂದೆ ನೋಡಿದರು. ಕೈ ಅಲ್ಲೇ ನಿಂತಿತು. ನಾವು ತಿರುಗಿದೆವು.

ತುದಿಯ ಕುರ್ಚಿ ಒಂದು ಚೌಕ ಮುಂದೆ ಬಂದಿತ್ತು.

ನಾವು ಮೂವರೂ ಮೇಜಿನ ಹತ್ತಿರವೇ ಇದ್ದೆವು. ಅಡುಗೆಯಾಕೆ ಹೊರಟು ಬಹಳ ಹೊತ್ತಾಗಿತ್ತು. ಬೀದಿಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತು, ಆಮೇಲೆ ಹೋಗಿ ನೋಡಿದೆ. ನನ್ನ ಬಳಿ ಇದಕ್ಕೆ ವಿವರಣೆ ಇಲ್ಲ ಅಕ್ಕ, ನೀನೂ ಕೇಳಬೇಡ.

"ಸರ್, ಅದು ನಾನಲ್ಲ," ಎಂದಳು ಇರುವೆ.

ಮೇಷ್ಟ್ರು ಆ ಕುರ್ಚಿಯನ್ನು ತುಂಬ ಹೊತ್ತು ನೋಡಿದರು. ಕೋಪವಿರಲಿಲ್ಲ, ಆಶ್ಚರ್ಯವೂ ಇದ್ದಂತೆ ಕಾಣಲಿಲ್ಲ. "ಅವಳಿಗೆ ತಾಳ್ಮೆ ಅನ್ನೋದು ಯಾವತ್ತೂ ಇರಲಿಲ್ಲ," ಎಂದರು. ಆಮೇಲೆ ಮಣೆಯ ಮೇಲೆ ತಮ್ಮ ತುದಿಯ ಪೇದೆಯನ್ನು ಎತ್ತಿ ಒಂದು ಮನೆ ಮುಂದಿಟ್ಟರು. "ಮುಟ್ಟಿದ ಮೇಲೆ ಆಡಲೇಬೇಕು. ನನ್ನ ಕಡೆಗೂ ಅದೇ ನಿಯಮ."

ಅದು ಅವರು ಆಡಬೇಕೆಂದಿದ್ದ ನಡೆಯಲ್ಲ. ಆ ಪೇದೆ ಅವರ ಆನೆಯ ದಾರಿಗೇ ಅಡ್ಡ ನಿಂತಿತು. ಯಾರು ಮೊದಲು ಮುಟ್ಟುತ್ತಾರೆ ಎಂಬ ಓಟದ ಆಟದಲ್ಲಿ ಒಂದು ನಡೆ ಪುಕ್ಕಟೆ ಸಿಕ್ಕಿದರೆ ಸಾಕು. ಇರುವೆ ಬದಿಯತ್ತ ನೋಡಲೇ ಇಲ್ಲ. ನಡುವಿನ ಪೇದೆಯನ್ನು ತಳ್ಳಿ ನಡುದಾರಿಯನ್ನು ಒಡೆದಳು. ಮುಂದಿನ ದಿನಗಳಲ್ಲಿ ರಾಣಿಗೆ ರಾಣಿ ಹೋಯಿತು. ರಾಣಿಗಳು ಮಣೆ ಬಿಟ್ಟ ಮೇಲೆ, ಕೊನೆಯ ದಿನ, ಅವಳ ರಾಜ ಗಿಡ್ಡ ಬದಿಯಿಂದ ಹೊರಟು, ಒಂದೊಂದೇ ಮನೆ, ನಡುವನ್ನು ಹಾದು ಉದ್ದ ಬದಿಗೆ ನಡೆದುಹೋದ. ನಾನು ಹಾಳು ಮಾಡಿದ ಬದಿಯಲ್ಲಿ ಅವನಿಗೆ ಕೆಲಸವಿರಲಿಲ್ಲ. ಆಟ ಡ್ರಾ ಆಯಿತು. ಮೇಷ್ಟ್ರು ಎದ್ದು ನಿಂತು ಅವಳ ಕೈ ಕುಲುಕಿದರು.

ಆ ಸಂಜೆ ಇರುವೆ ಹಾಸಿಗೆ ಸುತ್ತಿಕೊಂಡು ಎಡಗೋಣೆಗೆ ಹೋದಳು. ನಾನೂ ದಿಂಬು ಎತ್ತಿಕೊಂಡು ಹಿಂದೆ ಹೊರಟೆ. ಮೇಷ್ಟ್ರು ಕೋಲು ಅಡ್ಡ ಹಿಡಿದರು. "ರಾಜ ಹೋಗಬಹುದು ತಾಯಿ. ಪೇದೆ ಹಿಂದಕ್ಕೂ ಬರಲ್ಲ, ಪಕ್ಕಕ್ಕೂ ಸರಿಯಲ್ಲ. ನೀವು ಅಲ್ಲೇ ಇರಿ." ತಮಾಷೆಗೆ ಹೇಳಿದರು ಎಂದುಕೊಂಡು ಮಗಳ ಕಡೆ ನೋಡಿದೆ. ಅವಳು ಒಳಗೆ ಹೋಗಿ ತನ್ನೊಬ್ಬಳದೇ ಹಾಸಿಗೆ ಬಿಡಿಸಿಕೊಂಡಳು.

ಹಾಗಾಗಿ ಗಿಡ್ಡ ಬದಿಯ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ. ಕುರ್ಚಿಗಳನ್ನು ಇರುವೆ ಸಾಲಿಗೆ ಸೇರಿಸಿದಳು, ತುದಿಯದೊಂದನ್ನು ಬಿಟ್ಟು. ಅದನ್ನು ಮೇಷ್ಟ್ರು ತಾವೇ, ಗೋಡೆ ಹಿಡಿದುಕೊಂಡು, ತಳ್ಳಿಕೊಂಡು ಹೋದರು. ದಾರಿಯಲ್ಲಿ ಅದಕ್ಕೆ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಗದರುವ ದನಿಯಂತೂ ಅಲ್ಲ. ನನಗನ್ನಿಸುವುದು ಇಷ್ಟೇ: ಆ ಬದಿಯಲ್ಲೂ ಯಾರೋ ಕೂತು ನೋಡುತ್ತಿದ್ದರು, ಅವರಿಗೂ ಹೆದರಿಕೆಯಾಗಿ ತಳ್ಳಿಬಿಟ್ಟರು.

ಇವತ್ತು ಹೊಸ ಆಟ ಶುರುವಾಯಿತು. ಶನಿವಾರದ ಬಸ್ಸಿಗೆ ನಾನು ಹೊರಡುತ್ತೇನೆ. ಅವಳು ಆಯ್ಕೆಯವರೆಗೂ ಇಲ್ಲೇ ಇರುತ್ತಾಳೆ. ಕೈ ನಡುಗುವುದು ನಿಂತಿದೆ ಅಕ್ಕ, ಪೂರ್ತಿ ನಿಂತಿದೆ. ಬಂದ ಕೆಲಸ ಆಯಿತು. ದೊಡ್ಡಮ್ಮನ ಆಶೀರ್ವಾದ ಅವಳ ಮೇಲಿರಲಿ, ಅಲ್ಲಿಂದಲೇ ತಲೆ ಮೇಲೆ ಕೈಯಿಡು. ನಿನ್ನ ಆರೋಗ್ಯ ನೋಡಿಕೋ, ಭಾವನಿಗೆ ಬೀಡಿ ಮುಟ್ಟಲು ಬಿಡಬೇಡ.

ನಿನ್ನ ತಂಗಿ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಆಗಲಿಲ್ಲ. ನಿನ್ನೆ ಎಡಗೋಣೆಯ ಹೊಸ್ತಿಲಲ್ಲಿ ನಿಂತು ಕೇಳಿದೆ, "ಹೋದ ವರ್ಷ ಅಷ್ಟು ಹೆದರಿದವಳಿಗೆ ಈಗ ಹೇಗೆ ಧೈರ್ಯ ಬಂತು?" ಅವಳು ತಲೆ ತಗ್ಗಿಸಿಕೊಂಡು, ನಿಧಾನವಾಗಿ, ನನಗೆ ನೋವಾಗಬಾರದು ಎಂಬಂತೆ ಹೇಳಿದಳು: "ಅವತ್ತು ಪೇದೆಗಳು ಬಂದಾಗ ನಾನು ಹೆದರಿರಲಿಲ್ಲ ಅಮ್ಮ. ಉತ್ತರ ಗೊತ್ತಿತ್ತು. ಆಡೋಕೆ ಮುಂಚೆ ಒಂದು ಸಲ ತಲೆ ಎತ್ತಿದೆ. ನೋಡೋರಿಗೆ ಅಂತ ಕಟ್ಟಿದ ಹಗ್ಗದ ಆಚೆ ನೀನು ನಿಂತಿದ್ದೆ. ನಿನ್ನ ಮುಖ ನೋಡಿ, ನನಗೆ ಕಾಣದ್ದು ಏನೋ ನಿನಗೆ ಕಾಣ್ತಿದೆ ಅಂದುಕೊಂಡೆ. ಆಮೇಲೆ ಯಾವ ಪಂದ್ಯ ಆಡಿದ್ರೂ ಅದೇ ಮುಖ." ಆಯ್ಕೆಯ ದಿನ ಬರಬೇಡ ಎಂದಳು. ಆಗಲಿ ಎಂದೆ. ನಗುತ್ತಲೇ ಹೇಳಿದೆ, ಆ ನಗು ಹೇಗಿತ್ತೋ ಗೊತ್ತಿಲ್ಲ. ಆ ದಿನ ನಿನ್ನ ಮನೆಗೆ ಬರಲೇ ಅಕ್ಕ? ಎಲ್ಲಾದರೂ ಕೂತಿರಬೇಕಲ್ಲ.